ಹೆಣದ ಗಾಡಿಯ ಕುನ್ನಿ

ಹೆಣದ ಗಾಡಿ ಓಡಿಸುವವನ ಎದುರು ಯಾರೂ ನಗುವುದಿಲ್ಲ. ಅದಕ್ಕೇ ಇರಬೇಕು, ನಗು ಬರುವಂಥದ್ದೆಲ್ಲ ನನ್ನೆದುರೇ ನಡೆಯುತ್ತದೆ, ಅದೂ ನಗಬಾರದ ಜಾಗದಲ್ಲಿ.

ಶಹಾಪುರದಲ್ಲಿ ಒಂದು ಸಂಘದವರು ಇಟ್ಟ ಗಾಡಿ ಅದು. ಸುರಪುರ, ಕೆಂಭಾವಿ, ಕಕ್ಕೇರಾ, ಎಲ್ಲಿಂದ ಫೋನು ಬಂದರೂ ಹೋಗುತ್ತೇನೆ. ಹೋದಲ್ಲಿ "ಬರ್ರಿ" ಅನ್ನುವವರಿಲ್ಲ. ಚಹಾದಂಗಡಿಯವನೂ ಗಾಡಿ ಕಂಡರೆ "ಜರಾ ಮುಂದ ಹಚ್ರಿ" ಅನ್ನುತ್ತಾನೆ. ಹೆಂಡತಿ ಇರುವ ತನಕ ಸಂಜೆಗೆ ಅವಳೊಬ್ಬಳು "ಬಂದ್ರ್ಯಾ" ಅನ್ನುತ್ತಿದ್ದಳು. ಅವಳನ್ನೂ ಇದೇ ಗಾಡಿಯಲ್ಲಿ ಒಯ್ದೆ.

ಅವಳು ಹೋದ ಮೇಲೆ ಒಂದು ದಿನ ಸುರಪುರದ ಸುಡುಗಾಡಿನ ಗೇಟಿನಲ್ಲಿ ಒಂದು ಕುನ್ನಿ ನನ್ನ ಬೆನ್ನು ಹತ್ತಿತು. ನಾಯಿಮರಿ ಅನ್ನುವುದಕ್ಕಿಂತ ಎರಡು ಕಿವಿ, ಒಂದು ಬಾಲ ಅನ್ನಬಹುದು, ಅಷ್ಟು ಸಣ್ಣದು. ಮನೆಗೆ ತಂದೆ. ನಾನು ಕಂಡರೆ ಸಾಕು, ಇಡೀ ಮೈ ಅಲ್ಲಾಡಿಸಿ ಕುಂಯ್ ಕುಂಯ್ ಎಂದು ಶುರು ಮಾಡುತ್ತಿತ್ತು. ನಾನು ಬಂದೆನೆಂದು ಅಷ್ಟು ಸಡಗರಪಡುವ ಜೀವ ಈ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ.

ಪಕ್ಕದ ಮನೆಯ ಅಜ್ಜಿ

ನಾಯಿ ಅತ್ತರೆ ಓಣಿಯಲ್ಲಿ ಒಬ್ಬರು ಹೋಗುತ್ತಾರೆ ಎಂಬ ಮಾತು ನಮ್ಮ ಕಡೆ ಇನ್ನೂ ಇದೆ. ಪಕ್ಕದ ಮನೆಯ ಅಜ್ಜಿಗೆ ವಯಸ್ಸಾಗಿದೆ, ಎದೆನೋವೂ ಇದೆ. ಸಂಜೆ ನಾನು ಗಾಡಿ ನಿಲ್ಲಿಸುವುದು, ಒಳಗಿಂದ ಕುನ್ನಿ ಕುಂಯ್‌ಗುಟ್ಟುವುದು, ಅಜ್ಜಿ ಬಾಗಿಲಿಗೆ ಬಂದು "ಯಾರ ಪಾಳಿನೋ ಇವತ್ತ?" ಅನ್ನುವುದು ದಿನದ ಪದ್ಧತಿಯಾಯಿತು.

"ಯವ್ವಾ, ಅದು ಅಳಾಕತ್ತಿಲ್ಲ. ನಾ ಬಂದೆ ಅಂತ ಖುಷಿಗೆ ಹಂಗ ಮಾಡತೈತಿ" ಅಂದೆ.

ಅಜ್ಜಿ ನನ್ನನ್ನು ನೋಡಿದಳು, ನನ್ನ ಹಿಂದೆ ನಿಂತ ಗಾಡಿಯನ್ನು ನೋಡಿದಳು. "ನೀ ಬಂದ್ರ ಯಾರರ ಖುಷಿ ಆಗ್ತಾರೇನೋ ತಮ್ಮಾ?"

ಕೆಂಭಾವಿಯ ಸಾವು

ಅಜ್ಜಿಯ ಎದೆಗೆ ಅಂಜಿ ಕುನ್ನಿಯನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗತೊಡಗಿದೆ. ಆದರೆ ಅದಕ್ಕೆ ನಾನಷ್ಟೇ ಅಲ್ಲ, ಹೊಸಬರು ಯಾರು ಬಂದರೂ ಸಂಭ್ರಮವೇ. ಸಾವಿನ ಮನೆಯಲ್ಲಿ ಹೊಸಬರು ಬರುತ್ತಲೇ ಇರುತ್ತಾರೆ. ಒಬ್ಬೊಬ್ಬ ಬಂಧು ಬಂದಾಗಲೂ ಹೆಂಗಸರು ಅವರ ಕೊರಳು ತಬ್ಬಿ, "ಈಗ ಬಂದ್ಯಾ ಯಪ್ಪಾ" ಎಂದು ಹಾಡಿಕೊಂಡು ಮೊದಲಿನಿಂದ ಅಳುತ್ತಾರೆ. ಅದು ನಮ್ಮಲ್ಲಿ ಬಂದವರಿಗೆ ಕೊಡುವ ಮರ್ಯಾದೆ.

ಕೆಂಭಾವಿಯಲ್ಲಿ ಒಬ್ಬ ಹಿರಿಯ ತೀರಿಕೊಂಡಿದ್ದ. ಬಂಧುಗಳು ಬರುವುದು, ಅಂಗಳದಲ್ಲಿ ಹೆಂಗಸರು ಅಳುವುದು, ಗಾಡಿಯೊಳಗೆ ಕುನ್ನಿಯೂ ಕುಂಯ್ ಅನ್ನುವುದು. ಹೀಗೇ ಬಹಳ ಹೊತ್ತು ನಡೆಯಿತು. ಕಟ್ಟೆಯ ಮೇಲೆ ಕಣ್ಣು ಕಾಣದ ಮುದುಕನೊಬ್ಬ ಕೂತಿದ್ದ, ಸತ್ತವನ ಸೋದರಮಾವ. ಕೇಳಿ ಕೇಳಿ ಅವನು ಗಾಡಿಯ ಕಡೆ ಮುಖ ತಿರುಗಿಸಿದ.

"ಗಾಡ್ಯಾಗ ಕುಂತು ಒಬ್ಬಾಕಿನ ಅಳಾಕತ್ಯಾಳಲ್ಲ, ಯಾರಕಿ? ಪಾಪ, ಒಳಗ ಕರೀರಿ ಆಕೀನ."

ಅಳುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹೆಗಲುಗಳು ಕುಣಿದ ರೀತಿ ಅಳುವಿನದಲ್ಲ ಎಂದು ಎಲ್ಲರಿಗೂ ತಿಳಿಯಿತು. ಮರುದಿನ ದೂರು ಹೋಯಿತು. ಸಂಘದ ಮುಖ್ಯಸ್ಥರಾದ ಸಾವ್ಕಾರರು ನನ್ನನ್ನು ಕರೆಸಿ ಹೇಳಿದ್ದಿಷ್ಟೇ: "ಮೊದ್ಲ ಕುನ್ನಿ ಬಾಯಿ ಮುಚ್ಚಸು. ಆಗಲಿಲ್ಲಂದ್ರ ಕುನ್ನಿ ಬಿಡು. ಅದೂ ಆಗಲಿಲ್ಲಂದ್ರ ಗಾಡಿ ಬಿಡು."

ಗೋಡೆಗೆ ಮುಖ

ಗಾಡಿ ಬಿಟ್ಟರೆ ಹೊಟ್ಟೆಗಿಲ್ಲ, ಕುನ್ನಿ ಬಿಟ್ಟರೆ ಮನೆಯಲ್ಲಿ ಯಾರೂ ಇಲ್ಲ. ದನದ ದವಾಖಾನೆಗೆ ಹೋದೆ. ಡಾಕ್ಟರಮ್ಮ ಅದರ ಹೊಟ್ಟೆ, ಕಿವಿ, ಕಾಲು ಎಲ್ಲ ಒತ್ತಿ ನೋಡಿದರು.

"ಬ್ಯಾನಿ ಏನೂ ಇಲ್ರಿ. ಸಣ್ಣದೈತಿ, ಖುಷಿ ತಡಕೊಳ್ಳಾಕ ಬರವಲ್ದು. ಕುಂಯ್ ಅಂದ ಕೂಡ್ಲೇ ನೀವು ಎತ್ಕೊಂತೀರಿ, ಹಂಗಾಗಿ ಅತ್ರ ಕೆಲಸ ಆಕ್ಕೈತಿ ಅಂತ ತಿಳಕೊಂಡೈತಿ. ಇನ್ನ ಮ್ಯಾಲ ಅದು ಕುಂಯ್ ಅಂದ್ರ ಬೆನ್ನ ತಿರುವ್ರಿ. ಮಾತಾಡಬ್ಯಾಡ್ರಿ, ಬೈಬ್ಯಾಡ್ರಿ. ಸುಮ್ಮನ ಕುಂತ ಮ್ಯಾಲ ತಲಿ ಸವರಿ ಬಿಸ್ಕೀಟ್ ಕೊಡ್ರಿ. ಗಾಡಿ ಹತ್ತಸೂ ಮೊದ್ಲ ದಣಿಯೂ ಹಂಗ ಅಡ್ಡಾಡಸ್ರಿ."

"ಎಷ್ಟ ದಿನಾರಿ ಹಿಂಗ?"

"ಅದರ ಹಟಕಿಂತ ನಿಮ್ಮ ಹಟ ದೊಡ್ಡದಾಗೂತನ."

ನೀರು ತುಂಬಿಕೊಂಡು ಬಂದರೂ ಕುಂಯ್, ಹಿತ್ತಲಿಗೆ ಹೋಗಿ ಬಂದರೂ ಕುಂಯ್. ಪ್ರತಿ ಸಲವೂ ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಬೆನ್ನ ಹಿಂದೆ ಅದು ಕರೆಯುವಾಗ ತಿರುಗದೆ ನಿಲ್ಲುವುದು ಎಷ್ಟು ಕಷ್ಟವೆಂದು ನಿಂತವರಿಗೇ ಗೊತ್ತು. ಒಂದು ಸಂಜೆ ಅಜ್ಜಿ ಇದನ್ನು ಕಿಟಕಿಯಿಂದ ನೋಡಿದಳು. "ಹೇಣ್ತಿ ಹೋದಾಗ ಕಲ್ಲಿನಂಗಿದ್ದ, ಈಗ ನೋಡ್ರೆವ್ವಾ, ಗ್ವಾಡಿಗೆ ಹಣಿ ಹಚ್ಚಿ ಅಳಾಕತ್ಯಾನ" ಎಂದು ಓಣಿಗೆಲ್ಲ ಸಾರಿದಳು. ಆ ದಿನದಿಂದ ರೊಟ್ಟಿ, ಪುಂಡಿಪಲ್ಯ ಅವಳ ಮನೆಯಿಂದಲೇ ಬರತೊಡಗಿತು.

ನಾನು ಅಳುತ್ತಿರಲಿಲ್ಲವೆಂದು ಹೇಳಲಿಲ್ಲ. ಪುಂಡಿಪಲ್ಯ ಬಹಳ ರುಚಿಯಾಗಿತ್ತು.

ಕಕ್ಕೇರಾದ ಒಣ ಮನೆ

ಪಾಠ ಅರ್ಧದಲ್ಲಿದ್ದಾಗ ಕಕ್ಕೇರಾದಿಂದ ಕರೆ ಬಂತು. ಸತ್ತವನು ಇದ್ದಷ್ಟು ದಿನ ಎಲ್ಲರ ಜೊತೆ ಜಗಳಾಡಿದ ಮನುಷ್ಯ. ಹೆಣ ಅಂಗಳದಲ್ಲಿತ್ತು, ಮಕ್ಕಳು ಮೊಬೈಲ್ ನೋಡುತ್ತಿದ್ದರು, ಸೊಸೆಯರ ಕಣ್ಣು ಒಣಗಿದ್ದವು. ಸಾವಿನ ಮನೆಯಲ್ಲಿ ಅಳು ಕೇಳದಿದ್ದರೆ ಅದಕ್ಕಿಂತ ಅವಮಾನ ಬೇರಿಲ್ಲ. ನೆರೆಯವರು ಗುಸುಗುಸು ಶುರು ಮಾಡಿದ್ದರು.

ಅಷ್ಟರಲ್ಲಿ ಹೊರಲು ನಾಲ್ಕು ಜನ ಬಂದರು. ಕುನ್ನಿಗೆ ಪಾಠ ಮರೆತುಹೋಯಿತು. ಗಾಡಿಯಿಂದ ಜಿಗಿದು ಅಂಗಳದ ನಡುವೆ ನಿಂತು ಎದೆ ಬಿರಿಯುವಂತೆ ಕುಂಯ್‌ಗುಟ್ಟಿತು. ನಾನು ಡಾಕ್ಟರಮ್ಮ ಹೇಳಿದಂತೆ ಬೆನ್ನು ತಿರುಗಿಸಿದೆ. "ನೋಡ್ರೆ, ಮೂಕ ಪ್ರಾಣಿ ಅಳಾಕತ್ತೈತಿ, ಡ್ರೈವರಗ ನೋಡಾಕ ಆಗವಲ್ದು" ಎಂದಳು ಒಬ್ಬಳು. ನಾಚಿಕೆಗೋ ಏನೋ, ದೊಡ್ಡ ಸೊಸೆ ಮೂಗು ಒರೆಸಿಕೊಂಡಳು. ಸಣ್ಣ ಸೊಸೆ ದನಿ ತೆಗೆದಳು. ಮನೆಗೆ ಮರ್ಯಾದೆ ಬಂತು.

ಇನ್ನು ದೂರು ಹೋಗುತ್ತದೆಂದು ಕುನ್ನಿಯನ್ನು ಎತ್ತಿ ಗಾಡಿಗೆ ಹಾಕುತ್ತಿದ್ದೆ. ಹಿರಿಯ ಮಗ ಹಿಂದೆಯೇ ಬಂದು ಕೈ ಹಿಡಿದ. "ಜರಾ ಇರ್ಲಿ ಬಿಡ್ರಿ ಅದು. ಅಕ್ಕನ ಮನಿಯವರು ಇನ್ನೂ ಹಾದಿಮ್ಯಾಗ ಅದಾರ."

ಸಾವ್ಕಾರರ ತಂದೆ

ಆಮೇಲೆ ಒಂದು ಸುದ್ದಿ ಹಬ್ಬಿತು: ಆ ಕುನ್ನಿ ಪುಣ್ಯವಂತರಿಗೆ ಮಾತ್ರ ಅಳುತ್ತದೆ. ಕಕ್ಕೇರಾದ ಆ ಜಗಳಗಂಟನೂ ಒಳಗೊಳಗೆ ಪುಣ್ಯವಂತನಾಗಿಬಿಟ್ಟ. ಸಾವ್ಕಾರರು ಮಾತ್ರ ತಮ್ಮ ಹುಕುಂ ಬದಲಿಸಲಿಲ್ಲ.

ಕೊನೆಗೆ ಕುನ್ನಿ ಕಲಿತಿತು. ಯಾರೇ ಬರಲಿ, ಕುಂಡೆ ಊರಿ, ಬಾಯಿ ಮುಚ್ಚಿ ಕೂರುತ್ತಿತ್ತು. ನಾನು ಬಂದರೂ ಅಷ್ಟೇ. ಗೆದ್ದೆನೆಂದು ಸಂತೋಷಪಡಬೇಕಿತ್ತು. ಆದರೆ ಮನೆಯ ಬಾಗಿಲು ತೆರೆದಾಗ ಒಂದು ದನಿಯೂ ಇಲ್ಲ. ಹೆಂಡತಿ ಹೋದ ಮೇಲಿನ ಆ ಮೌನವೇ ಮತ್ತೆ ಬಂದು ಕೂತಿತು. ಬಹಳ ಬೇಸರವಾಯಿತು.

ಆಗಲೇ ಸಾವ್ಕಾರರ ತಂದೆ ತೀರಿಕೊಂಡರು. ಹೆಣಕ್ಕೆ ಹಾರ ಹಾಕಿ, ಪದ್ಧತಿಯಂತೆ ಅಂಗಳದಲ್ಲಿ ಕೂರಿಸಿದ್ದರು, ಊರೆಲ್ಲ ನೆರೆದಿತ್ತು. ನಾನು ಬಾಗಿಲು ತೆಗೆದೆ, ಕುನ್ನಿ ಇಳಿಯಿತು. ಎಲ್ಲರ ಕಣ್ಣೂ ಹೆಣವನ್ನು ಬಿಟ್ಟು ಅದರ ಮೇಲೆ ಹೋದವು. ಅದು ಕೂತಿತು, ಬಿಸ್ಕೀಟಿಗಾಗಿ ನನ್ನ ಕಿಸೆ ನೋಡಿತು. ಬಾಯಿ ಬಿಡಲಿಲ್ಲ.

"ಅಳವಲ್ದಲ್ಲೋ" ಎಂದನೊಬ್ಬ. "ಅದಕ್ಕ ಗೊತ್ತಿರ್ತೈತಿ ಬಿಡಪಾ" ಎಂದ ಇನ್ನೊಬ್ಬ.

ಸಾವ್ಕಾರರು ನನ್ನ ರಟ್ಟೆ ಹಿಡಿದು ಕೊಟ್ಟಿಗೆಯ ಹಿಂದೆ ಒಯ್ದರು. "ಕಂಡ ಕಂಡವರ ಮನ್ಯಾಗ ಅತ್ತೈತಿ. ನಮ್ಮಪ್ಪ ಅದಕ್ಕೇನ್ ಮಾಡ್ಯಾನ?"

"ನೀವ ಬಾಯಿ ಮುಚ್ಚಸು ಅಂದಿದ್ರಲ್ರಿ."

"ಈಗ ತಗಿಸು."

ಗೇಟಿನಾಚೆ ಹೋಗಿ ಹೊಸಬನಂತೆ ಒಳಗೆ ಬಂದೆ. ಕುನ್ನಿ ಕೂತೇ ಇತ್ತು. ಸಾವ್ಕಾರರು ಕಣ್ಣಿನಲ್ಲೇ "ಮತ್ತೊಮ್ಮೆ" ಎಂದರು. ಮತ್ತೆ ಹೋಗಿ ಬಂದೆ. ಕೊನೆಗೆ ಅದರ ಎದುರು ಕುಕ್ಕುರುಗಾಲಿನಲ್ಲಿ ಕೂತು, ಮೊದಮೊದಲಿನ ಹಾಗೆ ಎರಡೂ ಕೈ ಚಾಚಿ "ನಾ ಬಂದೀನೋ ಮಗನ" ಅಂದೆ. ಅದು ಜಾಣ ಹುಡುಗನಂತೆ ಸುಮ್ಮನೆ ನೋಡಿತು. ನಾನು ಬಂದೆನೆಂದು ಸಂಭ್ರಮಿಸುವ ಒಂದೇ ಒಂದು ಬಾಯಿಯನ್ನು ನನ್ನ ಕೈಯಾರೆ ಮುಚ್ಚಿಸಿದ್ದೆನಲ್ಲ ಅನ್ನಿಸಿತು. ಹೆಂಡತಿ ಹೋದಾಗ ಬಾರದ ಅಳು ಅಲ್ಲಿ, ಎಲ್ಲರೆದುರು ಬಂತು. ಕೂತಲ್ಲೇ ಕುಸಿದು ಅತ್ತೆ.

"ಹಿರ್ಯಾರನ್ನ ಎಷ್ಟ ಹಚ್ಕೊಂಡಿದ್ದ ನೋಡವ್ವಾ" ಎಂದರು ಹೆಂಗಸರು. ಸಾವ್ಕಾರರ ಅಕ್ಕ ಎದ್ದು ಬಂದು ನನ್ನ ತಲೆ ಹಿಡಿದು, "ಈಗ ಬಂದ್ಯಾ ತಮ್ಮಾ, ಈಗ ಬಂದ್ಯಾ" ಎಂದು ಹಾಡಿಕೊಂಡು ಅತ್ತಳು. ಇಷ್ಟು ವರ್ಷ ಇಷ್ಟೊಂದು ಸಾವಿನ ಮನೆಗಳಿಗೆ ಹೋಗಿದ್ದೇನೆ, ನನ್ನನ್ನು ಬಂದೆಯಾ ಎಂದು ಕೇಳಿದ್ದು ಅದೊಂದೇ ಮನೆ. ನಾನು ಇನ್ನಷ್ಟು ಅತ್ತೆ. ಅಂಗಳಕ್ಕೆ ಅಂಗಳವೇ ಅತ್ತಿತು.

ಮಣ್ಣು ಕೊಟ್ಟು ಮುಗಿದ ಮೇಲೆ ಸಾವ್ಕಾರರು ಗಾಡಿಯ ಹತ್ತಿರ ಬಂದರು. ಕಣ್ಣು ಕೆಂಪಾಗಿದ್ದವು, ಮುಖದಲ್ಲಿ ಸಮಾಧಾನವಿತ್ತು. ಕುನ್ನಿಯ ತಲೆ ಸವರಿದರು.

"ಕುನ್ನಿ ಇಟ್ಕೊ, ಅಡ್ಡಿಯಿಲ್ಲ. ಅದು ಸುಮ್ಮನ ಇರ್ಲಿ. ಇನ್ನ ಮುಂದ ಹೋದ ಮನ್ಯಾಗೆಲ್ಲ ನೀನ ಅಳು."