ಕೊಸರು ಬಿಡದ ಮಾಲಾಧರ

"ಮುಟ್ಟಬೇಡ, ಕಣ್ಣಲ್ಲಿ ನೋಡು!" ಎಂದು ನಮ್ಮ ಯಜಮಾನರು ಗೋಣಿಚೀಲ ಸರಿಸಿದರು. ಎಂಟು ಕೈಗಳ ಯಂತ್ರವೊಂದು ತಲೆಯ ಮೇಲೆ ಸೋಲಾರ್ ಹಲಗೆ ಹೊತ್ತು ಗಾಲಿಗಳ ಮೇಲೆ ನಿಂತಿತ್ತು.

"ಮಾಲಾಧರ! ಕರೆಂಟ್ ಬೇಡ, ಪ್ಲಾಸ್ಟಿಕ್ ದಾರ ಬೇಡ. ಬಿಸಿಲಿದ್ರೆ ಸಾಕು, ಬಾಳೆನಾರಲ್ಲಿ ಹಾರ ಕಟ್ಟುತ್ತೆ!"

"ಸ್ವಿಚ್ ಎಲ್ರೀ?"

"ಸೂರ್ಯನೇ ಸ್ವಿಚ್ಚು ಕಣೇ ಜಲಜಾ!"

ನನಗೆ ಏನೂ ಅರ್ಥವಾಗಲಿಲ್ಲ. ಮದುವೆಯಾದಾಗಿನಿಂದ ಈ ಫಣೀಂದ್ರ ಎಂಬ ಮನುಷ್ಯ ಹೇಳಿದ್ದು ನನಗೆ ಅರ್ಥವಾಗಿದ್ದೇ ಕಡಿಮೆ.

ಒಂಟಿಕೊಪ್ಪಲಿನ ನನ್ನ ಅಂಗಡಿಯಲ್ಲಿ ಹೂವು ಮುತ್ತುಗದ ಎಲೆಯಲ್ಲಿ, ಸಸಿ ತೆಂಗಿನ ಚಿಪ್ಪಿನಲ್ಲಿ. ಬಾಡಿದ್ದೆಲ್ಲ ಗೊಬ್ಬರದ ಗುಂಡಿಗೆ. ಎದುರಿನ ಕಲ್ಯಾಣ ಮಂಟಪದ ಮ್ಯಾನೇಜರ್ ಪುಟ್ಟಬಸಪ್ಪ ಅಂದು ಮೊದಲ ಸಲ ನನಗೆ ವಧೂವರರ ಹಾರ ಹೇಳಿದ್ದರು. ಇದು ಸರಿಹೋದರೆ ಅಲ್ಲಿನ ಎಲ್ಲ ಮದುವೆಗಳ ಹೂವೂ ನನ್ನದು. ಇಲ್ಲದಿದ್ದರೆ ಪಕ್ಕದ ಬೀದಿಯ ಪ್ಲಾಸ್ಟಿಕ್ ಹೂವಿನವನದು! ನೆನೆದರೇ ಮೈ ಉರಿಯುತ್ತಿತ್ತು.

ಮಾಲಾಧರ ಕಣ್ಣು ಮಿಟುಕಿಸುವುದರೊಳಗೆ ಎರಡು ಹಾರ ಕಟ್ಟಿತು. ಏನು ಚೆಂದ! ಆದರೆ ನಾರು ಕತ್ತರಿಸಲಿಲ್ಲ. ಇನ್ನೊಂದು ಗೇಣು ಸೇರಿಸಿತು. ಆಮೇಲೆ ಮತ್ತೊಂದು.

"ಯಾಕ್ರೀ ನಿಲ್ತಿಲ್ಲ?"

"ಕೊಸರು ಕಣೇ! ವಾರವೆಲ್ಲ ನಿನ್ನ ವ್ಯಾಪಾರ ತೋರಿಸಿ ಕಲಿಸಿದ್ದೀನಿ. ಮೊಳ ಅಳೆದ ಮೇಲೆ ಚೂರು ಜಾಸ್ತಿ ಹಾಕ್ದೆ ಯಾವ ಗಿರಾಕಿ ಜಾಗ ಬಿಡ್ತಾರೆ? ಹೂ ಕೊಟ್ಟಾಗೆಲ್ಲ ಕೊಸರು ಹಾಕು ಅಂದಿದ್ದೀನಿ."

"ಕೊಸರೂ ಹೂವೇ ಅಲ್ವೇನ್ರೀ? ಅದಕ್ಕೂ ಕೊಸರು ಹಾಕ್ತಿದೆ!"

ಅವರು ಗಡ್ಡ ಕೆರೆದುಕೊಂಡರು. "ಲೆಕ್ಕದ ಪ್ರಕಾರ ಅದು ಸರಿಯಾಗೇ ಇದೆ."

ಮಲ್ಲಿಗೆ ಮುಗಿಯಿತು, ಸೇವಂತಿಗೆ ಮುಗಿಯಿತು. ಯಂತ್ರ ತುಳಸಿ ಸಸಿಗಳನ್ನು ಚಿಪ್ಪಿನ ಸಮೇತ ಪೋಣಿಸಿತು. ಆಮೇಲೆ ಗೊಬ್ಬರದ ಗುಂಡಿಗೆ ಕೈ ಹಾಕಿತು!

"ಏನೂ ದಂಡ ಆಗಬಾರದು ಅಂತ ನೀನೇ ತಾನೆ ಹೇಳೋದು?" ಎಂದರು ಇವರು.

ಕತ್ತರಿ ಹುಡುಕಿದೆ. ಅದು ಆಗಲೇ ಹಾರದಲ್ಲಿತ್ತು. ಬಿಸಿಲು ಮರೆಮಾಡಲು ಗೋಣಿಚೀಲ ಎಸೆದರೆ ಅದನ್ನೂ ಕಟ್ಟಿಕೊಂಡಿತು.

"ಟಾರ್ಪಾಲ್ ತರ್ರೀ!"

"ಪ್ಲಾಸ್ಟಿಕ್ಕು ಅಂತ ನೀನೇ ಹೊರಗೆ ಹಾಕಿಸಿದ್ಯಲ್ಲೇ!"

ಅಷ್ಟರಲ್ಲಿ ಪುಟ್ಟಬಸಪ್ಪ ಓಡಿಬಂದರು. "ಏನಮ್ಮಾ, ಪುರೋಹಿತ್ರು ಬಡ್ಕೊತಾವ್ರೆ! ಹಾರ ಎಲ್ಲಿ?"

ಎರಡು ಹಾರಗಳನ್ನೂ ಎದೆಗವಚಿಕೊಂಡು ರಸ್ತೆ ದಾಟಿದೆ. ಹಾರದ ಬಾಲ ಹಿಡಿದು ಮಾಲಾಧರನೂ ಓಡಿಬಂತು! ಮಂಟಪದ ಸೂರು ಗಾಜಿನದು. ಒಳಗೂ ಬೇಕಾದಷ್ಟು ಬಿಸಿಲು.

ವಧೂವರರು ಹಾರ ಬದಲಾಯಿಸಿಕೊಂಡರು. ಯಂತ್ರ ಅವರನ್ನು ಒಂದು ಸುತ್ತು ಸುತ್ತಿತು. ಪುರೋಹಿತರನ್ನು ಸುತ್ತಿತು. ಮುಯ್ಯಿ ಕವರ್ ಕೊಟ್ಟು ಊಟ ಮಾಡದೆ ಜಾರುತ್ತಿದ್ದವರನ್ನು ಬಾಗಿಲಲ್ಲೇ ಹಿಡಿದು, ಒಬ್ಬರು ಮನುಷ್ಯರು, ಒಂದು ತುಳಸಿ ಚಿಪ್ಪು, ಹೀಗೆ ಪೋಣಿಸುತ್ತ ಹೋಯಿತು.

"ನಾನು ಗಂಡಿನ ಕಡೆಯವನು ಕಣ್ರೀ, ಇಲ್ಲಿ ಹೆಣ್ಣಿನ ಕಡೆಯೋರ ಮಧ್ಯ ಯಾಕಿದ್ದೀನಿ?" ಎಂದು ಒಬ್ಬರು ಕೂಗಿದರು. ಯಾರಿಗೆ ಗೊತ್ತಿತ್ತು! ಪುಣ್ಯಕ್ಕೆ ತಾಳಿ ಕಟ್ಟುವಷ್ಟು ವರನ ಕೈಗಳು ಹೊರಗಿದ್ದವು.

ಕೊನೆಗೆ ಪೋಣಿಸಲು ಯಾರೂ ಉಳಿಯದೆ, ಕೊನೆಯ ಎಳೆಯಲ್ಲಿ ಮಾಲಾಧರ ತನ್ನನ್ನೇ ಬಿಗಿದುಕೊಂಡು ಹಾರದ ತುದಿಗೆ ಕುಚ್ಚಾಗಿ ನಿಂತಿತು.

ನನಗೆ ಅಳು ಬಂತು. ಆ ಪ್ಲಾಸ್ಟಿಕ್ ಹೂವಿನವನೇ ಗೆದ್ದ ಎಂದುಕೊಂಡೆ. ಒಬ್ಬರ ಗಂಟು ಇನ್ನೊಬ್ಬರು ಬಿಚ್ಚುವಷ್ಟರಲ್ಲಿ ಸಂಜೆಯಾಯಿತು.

ಬಿಡುಗಡೆಯಾದ ಪುಟ್ಟಬಸಪ್ಪ ನೇರ ನನ್ನ ಬಳಿ ಬಂದರು. "ಇನ್ಮೇಲೆ ಎಲ್ಲಾ ಮದ್ವೆಗೂ ನಿಮ್ದೇ ಹಾರ ಕಣಮ್ಮಾ."

"ಅಯ್ಯೋ, ಯಾಕೆ?" ಎಂದೆ, ತಲೆಬುಡ ತಿಳಿಯದೆ.

"ಮುಂದಿನ ಮದ್ವೆ ಹೆಣ್ಣಿನ ತಂದೆ ಇವತ್ತು ಇಲ್ಲೇ ಸಿಕ್ಕಾಕ್ಕೊಂಡಿದ್ರು. ಎಷ್ಟು ಎಳೆದ್ರೂ ನಾರು ಕಿತ್ಕೊಂಡು ಬರ್ಲಿಲ್ವಂತೆ. ಅವ್ರಿಗೂ ಇಂಥದ್ದೇ ಬೇಕಂತೆ."

ಅವರ ಭಾವಿ ಅಳಿಯ ಕೊನೇ ಗಳಿಗೆಯಲ್ಲಿ ಓಡಿಹೋಗುವ ಪೈಕಿಯಂತೆ.