ಚಿತ್ತಾಪುರಕ್ಕ ನನ್ನ ವಿಚಾರಿಸಲಿಕ್ಕ ಬಂದವರು

ನಮ್ಮ ಚಿತ್ತಾಪುರದಾಗ ಯಾರರೆ ಹೊಸ ಮನುಷ್ಯ ಬಸ್ಸಿಂದ ಇಳದು "ಇಂಥವರ ಮನಿ ಎಲ್ಲಿ ಬರ್ತದ್ರಿ?" ಅಂತ ಕೇಳಿದ್ರ, ಮನಿ ದಾರಿ ಕಡೀಕ ಹೇಳ್ತಾರ, ಮೊದಲು ಆ ಮನಿಯವರ ಕತಿ ಹೇಳ್ತಾರ. ಹೇಳೋದೆಲ್ಲಾ ಹೊಗಳಿಕಿನೇ. ನಮ್ಮ ಮಂದಿ ತಮ್ಮ ತಮ್ಮೊಳಗ ಎಷ್ಟರೆ ಬಡಿದಾಡ್ಲಿ, ಹೊರಗಿನವರ ಮುಂದ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟವರಲ್ಲ. ಈ ಗುಣ ಎಷ್ಟು ದೊಡ್ಡದು ಅಂತ ಈಗ ಅನಸ್ತದ. ಆದ್ರ ನನ್ನ ಮದುವಿ ಮಾತುಕತಿ ನಡದಾಗ ಇದೇ ಗುಣ ನನ್ನ ಜೀವಾ ಹಿಂಡಿಬಿಟ್ಟಿತ್ತು.

ನಮ್ಮ ಕಡಿ ಗಂಡಿನವರು ಹೆಣ್ಣಿನ ಮನಿ ಹೊಸ್ತಿಲ ತುಳಿಯೋಕಿಂತ ಮೊದಲು ಊರಾಗ ಸುಮ್ನ ಒಂದು ಸುತ್ತು ಹಾಕ್ತಾರ. ಹೋಟೆಲ್‌ನ್ಯಾಗ ಚಾ ಕುಡದು, ಅಂಗಡ್ಯಾಗ ಏನರೆ ಕೊಂಡು, "ಆ ಮನಿ ಮಂದಿ ಹೆಂಗ್ರಿ?" ಅಂತ ಮೆಲ್ಲಕ ಕೇಳ್ತಾರ. ಇದಕ್ಕ ವಿಚಾರಸೋದು ಅಂತಾರ. ಫೋನಿನ್ಯಾಗ ಫೋಟೋ, ಜಾತಕ ಎಲ್ಲಾ ಬಂದ್ರೂ ಈ ಪದ್ಧತಿ ಹೋಗಿಲ್ಲ.

ನಾನು ವಾಡಿಯ ಒಂದು ಸಾಲ್ಯಾಗ ಟೀಚರ್. ದಿನಾ ಚಿತ್ತಾಪುರದಿಂದ ಟ್ರೇನಿಗೆ ಹೋಗಿ ಬರ್ತಿದ್ದೆ. ಅದೇ ಸಾಲ್ಯಾಗ ಶಹಾಬಾದಿಂದ ಬರೋ ಗಣಿತದ ಮಾಸ್ತರ ಒಬ್ಬ. ಅವನೇ ಆಗಬೇಕು ಅಂತ ನನ್ನ ಮನಸ್ಸಿನ್ಯಾಗ ಪಕ್ಕಾ ಆಗಿತ್ತು, ಅವನ ಮನಸ್ಸಿನ್ಯಾಗೂ ಆಗಿತ್ತು. ಆದ್ರ ಅವರಪ್ಪ ಶಹಾಬಾದಿನ್ಯಾಗ ನೆಲಕ್ಕ ಹಾಸೋ ಪರ್ಸಿ ಕಲ್ಲಿನ ವ್ಯಾಪಾರಿ, ಹಳೇ ಕಾಲದ ಮನುಷ್ಯ. "ನಾನೇ ಹೋಗಿ ವಿಚಾರಿಸಿ ಬರೋತನಾ ಯಾರೂ ಬಾಯಿ ಬಿಡಬ್ಯಾಡ್ರಿ" ಅಂದುಬಿಟ್ಟಿದ್ರು. ಇಂದು ನಾಳಿ ಅಂತ ಅವರು ಬರ್ಲೇ ಇಲ್ಲ. ನಾ ಮನ್ಯಾಗ ಹೇಳೋಹಂಗಿಲ್ಲ, ಅಪ್ಪ ಮಾತ್ರ ಒಂದಾದ ಮ್ಯಾಲ ಒಂದು ಬ್ಯಾರೆ ಸಂಬಂಧ ತರ್ಲಿಕ್ಕ ಶುರು ಮಾಡಿದ.

ಹೋಟೆಲ್ ಕಾಕಾ

ಮೊದಲನೇ ಸಂಬಂಧ ಸೇಡಂದು. ಹುಡುಗನ ಸೋದರಮಾವ ವಿಚಾರಸಲಿಕ್ಕ ಬಂದು ಕೋರ್ಟಿನ ಮುಂದಿನ ಹೋಟೆಲ್‌ನ್ಯಾಗ ಕುಂತ. ಆ ಹೋಟೆಲ್ ಕಾಕಾ ನನಗ ಸಣ್ಣಾಕಿ ಇದ್ದಾಗಿಂದ ಬಿಸಿ ಭಜಿ ಉಸುರು ಊದಿ ಆರಿಸಿ ಕೊಟ್ಟಾವ. ಅವನ ಹೋಟೆಲಿನ ಹೊರಗಿನ ಕಲ್ಲಿನ ಕಟ್ಟಿನೇ ನಮ್ಮಪ್ಪನ ಆಫೀಸು. ಅಪ್ಪ ಕೋರ್ಟಿಗೆ ಬಂದ ಮಂದಿಗೆ ಅರ್ಜಿ ಬರಕೊಡ್ತಾನ.

"ಹುಡುಗಿ ತಂದಿ ಹೆಂಗ್ರಿ?" ಅಂತ ಆ ಮಾವ ಕೇಳಿದ.

ಕಾಕಾ ಎಣ್ಣಿ ಬಾಣಲಿ ಬಿಟ್ಟು ಎದ್ದು ಬಂದು ಹೇಳಿದ: "ಬಂಗಾರದಂಥ ಮನುಷ್ಯ ನೋಡ್ರಿ! ಮುಂಜಾನಿಂದ ಸಂಜಿತನಾ ಇಲ್ಲೇ ನಮ್ಮ ಕಟ್ಟಿ ಮ್ಯಾಲ ಕುಂತಿರ್ತಾರ. ಒಬ್ಬರ ಜೋಡಿ ಜಗಳಿಲ್ಲ, ತಂಟಿಲ್ಲ. ಮಳಿ ಬರ್ಲಿ, ಬಿಸಿಲು ಬರ್ಲಿ, ಕುಂತ ಜಾಗಾ ಬಿಡಂಗಿಲ್ಲ."

"ಕೆಲಸ ಏನು ಮಾಡ್ತಾರ?"

"ಛೇ ಛೇ, ಕೆಲಸ ಗಿಲಸದ ಚಿಂತಿ ಹಚ್ಚಿಕೊಂಡವರಲ್ರಿ ಅವರು."

ಸೇಡಂದವರು ಮತ್ತ ಇತ್ತ ಕಡಿ ತಲಿ ಹಾಕ್ಲಿಲ್ಲ. ನನಗ ಒಳಗ ಹಾಲು ಕುಡದಂಗಾತು, ಅಪ್ಪಗ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಹೋಗಿ ಕಾಕಾನ್ನ ಹಿಡಕೊಂಡ: "ಏ ಮಾರಾಯ, ದಿನಾ ನಿನ್ನ ಕಣ್ಣ ಮುಂದನೇ ಕುಂತು ಅರ್ಜಿ ಬರೀತೀನಲ್ಲೋ! ಅದು ಕೆಲಸ ಅಲ್ಲೇನು?"

ಕಾಕಾ ಖರೇನೇ ಗಾಬರಿ ಆದ. "ಅದು ಕೆಲಸ ಏನ್ರಿ? ನಿಮಗ ಬರಿಯೋ ಶೋಕ್ ಅದ ಅನಕೊಂಡಿದ್ದೆ ನಾ!"

ದರ್ಜಿ ಚಾಚಾ

ಎರಡನೇದು ಚಿಂಚೋಳಿ ಸಂಬಂಧ. ಹುಡುಗನ ಅಕ್ಕ ಭಾಳ ಶಾಣ್ಯಾಕಿ. ಗಂಡಸರ ಹೋಟೆಲ್ ಬ್ಯಾಡ ಅಂತ, ಸೀರಿಗೆ ಫಾಲ್ ಹಚ್ಚಿಸೋ ನೆವ ಮಾಡಿಕೊಂಡು ಸೀದಾ ದರ್ಜಿ ಚಾಚಾನ ಅಂಗಡಿಗೆ ಹೋದಳು. ನಮ್ಮ ಓಣಿ ಹೆಣ್ಣುಮಕ್ಕಳ ಅರಿವಿ ಹೊಲಿಯಾವ ಅವನೇ. ನನ್ನ ಮ್ಯಾಲ ಚಾಚಾಗ ಭಾಳ ಅಭಿಮಾನ.

"ಆ ಟೀಚರಮ್ಮನಾ?" ಅಂತ ಮಷೀನ್ ನಿಲ್ಲಿಸಿದ. "ಮಾಶಾ ಅಲ್ಲಾ! ಅಂಥಾ ಹುಡುಗಿ ಈ ತಾಲೂಕದಾಗ ಇನ್ನೊಂದಿಲ್ಲ ಬೇಟಿ. ನಾ ಹೊಲದ ಜಂಪರ್ ಒಂದೂ ಮೊದಲನೇ ಸಲಕ್ಕ ಒಪ್ಪಿಲ್ಲ ಆಕಿ. ತೋಳು ಸರಿ ಇಲ್ಲ ಅಂತಾಳ, ಹೊಲಿಗಿ ಬಿಚ್ಚತೀನಿ. ಕುತ್ತಿಗಿ ಸರಿ ಇಲ್ಲ ಅಂತಾಳ, ಮತ್ತ ಬಿಚ್ಚತೀನಿ. ನನ್ನ ಉಸ್ತಾದ್ ಕಲಿಸಲಾರದ್ದು ಆಕಿ ಕಲಿಸ್ಯಾಳ!"

ಅಕ್ಕನ ಮಾರಿ ಸಣ್ಣಾತು. "ಮನ್ಯಾಗನೂ ಹಿಂಗೇ ಏನ್ರಿ?"

"ಮನ್ಯಾಗ?" ಚಾಚಾ ಎದಿ ಉಬ್ಬಿಸಿ ಹೇಳಿದ, "ಮನ್ಯಾಗ ಆಕಿ ಅವ್ವನೂ ಆಕಿ ಮಾತು ದಾಟಂಗಿಲ್ಲ!"

ಆ ಅಕ್ಕ ಅರ್ಧಾ ಫಾಲ್ ಹಚ್ಚಿದ ಸೀರಿ ಕಸಗೊಂಡು ಚಿಂಚೋಳಿ ಬಸ್ಸು ಹತ್ತಿದಳು. ಮರುದಿನ ನಾ ಅಂಗಡಿಗೆ ಹೋದಾಗ ಚಾಚಾ ಇನ್ನೂ ಸಿಟ್ಟಿನ್ಯಾಗ ಇದ್ದ. "ಫಾಲ್ ಹಚ್ಚೋತನಾ ನಿಲ್ಲದ ಮಂದಿ ಸಂಸಾರ ಏನು ಮಾಡ್ತಾರ? ಹೋಗ್ಲಿ ಬಿಡು ಬೇಟಿ. ತಗೋ ನಿನ್ನ ಜಂಪರ್, ಈ ಸಲ ಒಂದು ಮಾತು ಅನ್ನೋಹಂಗಿಲ್ಲ."

ಸುಮ್ನ ಜಂಪರ್ ತಿರುಗಿಸಿ ತೋಳು ನೋಡಿದೆ. ಚಾಚಾ ತಾನಾಗೇ ಕತ್ತರಿ ಕೈಗೆ ತಗೊಂಡ.

ಆಟೋ ಮಾಮಾ

ಮೂರನೇದು ಹೈದರಾಬಾದ್ ಕಡಿ ಮಂದಿ. ವಿಚಾರಸೋದು ಗಿಚಾರಸೋದು ಏನಿಲ್ಲ, ಹುಡುಗನ ಅವ್ವ ಅಪ್ಪ ಟ್ರೇನಿಗೆ ಬಂದು, ಹುಡುಗಿ ನೋಡಿ, ಸಂಜಿ ಟ್ರೇನಿಗೆ ವಾಪಸ್ ಅಂತ ಮಾತಾಗಿತ್ತು. ಸ್ಟೇಷನ್‌ದಿಂದ ಕರಕೊಂಡು ಬರ್ಲಿಕ್ಕ ಅವ್ವ ಆಟೋ ಮಾಮಾಗ ಹೇಳಿದ್ದಳು. ಸ್ಟೇಷನ್‌ದಿಂದ ನಮ್ಮ ಮನಿಗೆ ಎಷ್ಟು ಮಹಾ ದೂರ? ಅವ್ವ ಶಿರಾ ಮಾಡಿಟ್ಟಿದ್ದಳು, ಭಜಿಗೆ ಹಿಟ್ಟು ಕಲಸಿದ್ದಳು. ನಾ ರೇಷ್ಮಿ ಸೀರಿ ಉಟ್ಟು, ಬ್ಯಾಡಾದ ಸಂಬಂಧಕ್ಕ ಮಾರಿ ಹೆಂಗ ಇಟ್ಟುಕೊಂಡು ಕುಂದ್ರಬೇಕು ಅಂತ ಕನ್ನಡಿ ಮುಂದ ನೋಡಿಕೋತ ಕುಂತಿದ್ದೆ.

ಶಿರಾ ಆರಿತು. ಭಜಿ ಹಿಟ್ಟು ನೀರು ಬಿಟ್ಟಿತು. ಸಂಜಿ ಟ್ರೇನೂ ಹೋತು. ಆಮ್ಯಾಲ ಆಟೋ ಮಾಮಾ ಒಬ್ಬನೇ ನಕ್ಕೋತ ಬಂದ.

"ಎಲ್ಲಿ ಅವರು?" ಅಂದಳು ಅವ್ವ.

"ಟ್ರೇನ್ ಹತ್ತಿಸಿ ಬಂದೆ ಅಕ್ಕಾ. ಭಾಳ ಖುಷಿ ಆದ್ರು!"

ಆಗಿದ್ದಿಷ್ಟು. ಸ್ಟೇಷನ್‌ದಾಗ ಇಳದಕೂಡ್ಲೇ ಹುಡುಗನ ಅಪ್ಪ "ಸಣ್ಣ ಊರು" ಅಂದುಬಿಟ್ಟಿದ್ರು. ಮಾಮಾಗ ಅದು ಮನಸ್ಸಿಗೆ ನಟ್ಟಿತು. ದಾರ್ಯಾಗ ಟೀಚರಮ್ಮ ಕಲಿತ ಸಾಲಿ ತೋರಿಸಿದ. ಸಾಲಿ ತೋರಿಸಿದ ಮ್ಯಾಲ ಮಾರ್ಕೆಟ್ ತೋರಿಸಬೇಕಾತು. ಮಾರ್ಕೆಟ್ ಆದ ಮ್ಯಾಲ "ಇಷ್ಟು ದೂರ ಬಂದು ನಾಗಾವಿ ನೋಡದೇ ಹೋಗ್ತೀರೇನ್ರಿ?" ಅಂತ ನಾಗಾವಿಗೇ ತಿರುಗಿಸಿದ. ಅಲ್ಲಿ ಎಲ್ಲವ್ವನ ದರ್ಶನ ಆತು, ಹಳೇ ಕಾಲದ ಕಂಬಾ, ಕಲ್ಲು ಎಲ್ಲಾ ಆತು. ಮಂದಿಗೆ ಹಸಿವಿ ಆಗ್ಯದ ಅಂತ ತನ್ನ ಮನಿಗೇ ಒಯ್ದು ಹೆಂಡತಿ ಕೈಯಿಂದ ಸುಸ್ಲಾ ಮಾಡಿಸಿ ತಿನಿಸಿದ. ಬೀಗರಾಗೋ ಮಂದಿ ಅಂತ ಬಾಡಿಗಿನೂ ತಗೊಂಡಿರಲಿಲ್ಲ ಪಾಪ.

ಅವ್ವ ತಲಿ ಮ್ಯಾಲ ಕೈ ಹೊತ್ತು ಕುಂತಳು. "ಎಲ್ಲಾ ತೋರಿಸಿದಿ, ನಮ್ಮ ಮನಿ ಯಾಕ ತೋರಿಸ್ಲಿಲ್ಲೋ?"

"ಕಡೀಕ ಅಂತ ಇಟ್ಟಿದ್ದೆ ಅಕ್ಕಾ," ಅಂದ ಮಾಮಾ, "ಚಲೋದು ಯಾವಾಗ್ಲೂ ಕಡೀಕ ತೋರಿಸಬೇಕಲ್ಲ?"

ಚಲೋ ಮಂದಿ

ಇಲ್ಲಿತನಾ ನಾ ನಮ್ಮೂರಿಗೆ ಮನಸ್ಸಿನ್ಯಾಗೇ ಕೈ ಮುಗೀತಿದ್ದೆ. ಅಷ್ಟೊತ್ತಿಗೆ ತಮ್ಮಪ್ಪ, ಶಹಾಬಾದ್ ಯಜಮಾನ್ರು, ಈ ಐತವಾರ ವಿಚಾರಸಲಿಕ್ಕ ಬರ್ತಾರ ಅಂತ ಮಾಸ್ತರ ಹೇಳಿದ. ಮೂರು ಸಂಬಂಧ ಹೊಗಳಿ ಹೊಗಳಿ ಮುರಿದ ಊರು, ನನಗ ಬೇಕಾದವನ ಸಂಬಂಧ ಬಿಡ್ತದೇನು?

ಮಧ್ಯಸ್ಥರ ಕಡಿಂದ ಸುದ್ದಿ ಅವ್ವಗೂ ಬಂದಿತ್ತು. ಆಕಿ ಶನಿವಾರ ತಾನೇ ಅಂಗಡಿ ಅಂಗಡಿ ತಿರುಗಿ ಕೈ ಜೋಡಿಸಿ ಬಂದಳು: "ನಿಮ್ಮ ಪಾದಕ್ಕ ಬೀಳ್ತೀನಿ, ಏನೂ ಹೊಗಳಬ್ಯಾಡ್ರಿ. ಕೇಳಿದ್ರ 'ಚಲೋ ಮಂದಿ' ಅನ್ರಿ. ಮುಂದ ಒಂದು ಮಾತು ಆಡಬ್ಯಾಡ್ರಿ."

ಮುಂದಿಂದು ನಾ ಆಮ್ಯಾಲ ಶಹಾಬಾದ್ ಯಜಮಾನ್ರ ಬಾಯಿಂದನೇ ಕೇಳಿದ್ದು. ಐತವಾರ ಮುಂಜಾನಿ ಅವರು ಬಂದು ಹೋಟೆಲ್ ಕಾಕಾನ್ನ ಕೇಳಿದ್ರು. ಕಾಕಾ "ಚಲೋ ಮಂದಿ" ಅಂದು ತುಟಿ ಬಿಗಿಹಿಡಿದ. ದರ್ಜಿ ಚಾಚಾ "ಚಲೋ ಮಂದಿ" ಅಂದು ಬಾಯಾಗ ದಾರ ಕಚ್ಚಿಕೊಂಡ. ಆಟೋ ಮಾಮಾ "ಚಲೋ ಮಂದಿ" ಅಂದು, ಮತ್ತೇನರೆ ಬಾಯಿಂದ ಬಂದೀತು ಅಂತ ಆಟೋ ಬಿಟ್ಟೇ ಓಡಿದ. ಕಡೀಕ ಅವರು ಬಾಳಿಹಣ್ಣಿನ ಗಾಡಿ ಮುಂದ ನಿಂತು "ಡಜನ್ ಹೆಂಗವ್ವಾ?" ಅಂದ್ರ, ಆ ಮುದುಕಿನೂ ಹೆದರಿಕೋತ "ಚಲೋ ಮಂದ್ರಿ" ಅಂದಳು.

ಯಜಮಾನ್ರಿಗೆ ಸಂಶಯ ಬಂತು. ಇಡೀ ಊರು ಇಷ್ಟು ಅಂಜತದಂದ್ರ ಈ ಮನಿಯವರು ಯಾವ ನಮೂನಿ ಮಂದಿ ಇರಬೇಕು? ತಿರುಗಿ ಹೋಟೆಲ್‌ಗೆ ಬಂದು ಕುಂತು, ಎಲ್ಲರಿಗೂ ಕೇಳೋಹಂಗ ಜೋರಾಗೇ ಅಂದ್ರು: "ಆ ಹುಡುಗಿ ಭಾಳ ಬಾಯಿಬಡಕಿ ಅಂತ. ದೊಡ್ಡವರು ಸಣ್ಣವರು ಅನ್ನಂಗಿಲ್ಲಂತ. ಖರೇ ಏನು?"

ಕಾಕಾನ ಕೈಯಾಗಿನ ಸೌಟು ಜಾರಿ ಬಾಣಲ್ಯಾಗ ಬಿತ್ತು. "ಯಾವ ಬಾಡ್ಯಾ ಹೇಳಿದ ನಿಮಗ? ಹೆಸರು ಹೇಳ್ರಿ ಅವಂದು! ನನಗ ಜ್ವರ ಬಂದು ಮಲಗಿದಾಗ, ಸಾಲಿಗೆ ರಜಾ ಹಾಕಿ ಬಂದು ಈ ಗಲ್ಲಾದ ಮ್ಯಾಲ ಕುಂತಾಕಿ ಆಕಿ!" ಸಪ್ಪಳ ಕೇಳಿ ಚಾಚಾ ಕತ್ತರಿ ಹಿಡಕೊಂಡೇ ಓಡಿ ಬಂದ. "ನನ್ನ ಮೊಮ್ಮಗಳಿಗೆ ಓದಲಿಕ್ಕ ಕಲಿಸಿದಾಕಿ ಆಕಿ! ಬಾಯಿಬಡಕಿ ಅಂತೀರಾ?" ಆಟೋ ಮಾಮಾ ಬಂದ, ಹಣ್ಣಿನ ಮುದುಕಿ ಬಂದಳು. ಎಲ್ಲಾರೂ ಕೂಡಿ ಯಜಮಾನ್ರನ್ನ ನಡುವ ಹಾಕ್ಕೊಂಡು ಒದರಲಿಕತ್ರು. ಕಡೀಕ ಕಾಕಾ ಹುಕುಂ ಕೊಟ್ಟೇಬಿಟ್ಟ: "ಏಳ್ರಿ ಮ್ಯಾಲ! ನಮ್ಮ ಹುಡುಗಿನ್ನ ನಿಮ್ಮ ಮನಿಗೆ ಕೊಡಂಗಿಲ್ಲ!"

ಆಟೋ ಮಾಮಾ ಅವರನ್ನ ಹತ್ತಿಸಿಕೊಂಡು, ಈ ಸಲ ಎಲ್ಲೂ ತಿರುಗಿಸದೇ, ಸೀದಾ ಸ್ಟೇಷನ್‌ಗೆ ಬಿಟ್ಟು ಬಂದ.

ಕಾಕಾ ಮನಿಗೆ ಫೋನ್ ಹಚ್ಚಿದ. ನಾನೇ ಎತ್ತಿದೆ. "ಚಿಂತಿ ಮಾಡಬ್ಯಾಡ ಅವ್ವಿ. ಆ ಶಹಾಬಾದ್ ಸಂಬಂಧ ನಾವೇ ಬ್ಯಾಡ ಅಂದು ಹೊರಗ ಹಾಕೀವಿ!"

ಅಪ್ಪ ಮುಂದನೇ ಕುಂತಿದ್ದ, ಅವ್ವ ಬಾಜೂಕ ನಿಂತಿದ್ದಳು. ಏನೂ ತಿಳೀಲಿಲ್ಲ ನನಗ, ಬೊಬ್ಬಿ ಹೊಡದು ಅತ್ತುಬಿಟ್ಟೆ: "ಅಯ್ಯ ಕಾಕಾ, ಏನು ಮಾಡಿದ್ಯೋ! ನನಗ ಅವನೇ ಬೇಕಾಗಿದ್ದ!"

ಅಪ್ಪ ಬಾಯಿ ತಕ್ಕೊಂಡು ನೋಡಿದ. ಫೋನಿನ್ಯಾಗ ಕಾಕಾಂದು "ಏ ಆಟೋ ತಿರುಗಿಸೋ!" ಅಂತ ಒಂದೇ ಕೂಗು ಕೇಳಿತು.

ಸ್ಟೇಷನ್‌ದಾಗ ಯಜಮಾನ್ರು ಬೆಂಚಿನ ಮ್ಯಾಲ ಕುಂತು ಬಾಳಿಹಣ್ಣು ತಿನ್ನಲಿಕತ್ತಿದ್ರು. ಕಾಕಾ, ಚಾಚಾ, ಮಾಮಾ ಮೂವರೂ ಹೋಗಿ ಕೈ ಮುಗದು ನಿಂತ್ರು. "ತಪ್ಪಾತ್ರಿ ಯಜಮಾನ್ರೇ. ಮನಿಗೆ ಬರ್ರಿ."

ಅವರು ಸಾವಕಾಶ ಸಿಪ್ಪಿ ಒಗದು ಹೇಳಿದ್ರು: "ನಾವು ಕಲ್ಲು ಕೊಳ್ಳೋವಾಗ ಒಮ್ಮೆ ಬಡದು ನೋಡ್ತೀವಿ. ಇವತ್ತ ನಿಮ್ಮನ್ನೂ ಹಂಗೇ ಬಡದು ನೋಡಿದೆ, ಸಪ್ಪಳ ಚಲೋ ಬಂತು. ನಂದೇನೂ ತಕರಾರಿಲ್ಲ. ಆದ್ರ ಬ್ಯಾಡ ಅಂದವರು ನೀವು. ಈಗ ನೀವೇ ಶಹಾಬಾದಿಗೆ ಬಂದು ನಮ್ಮನ್ನ ವಿಚಾರಸ್ರಿ. ನಿಮಗ ಒಪ್ಪಿಗಿ ಆದ್ರ ಮುಂದಿನ ಮಾತು."

ನಮ್ಮವರು ಹೋದ್ರು ಅಂದ್ರ ಹೋದ್ರೇ! ಮೂವರೂ ಒಗದ ಅರಿವಿ ಹಾಕ್ಕೊಂಡು ಆಟೋದಾಗ ಶಹಾಬಾದಿಗೆ ಹೋಗಿ, ಕಂಡಕಂಡವರನ್ನ ಕೇಳಿ ಸಂಜಿಗೆ ಬಂದ್ರು. ಮನಿ ಚಲೋ, ಹುಡುಗ ಚಲೋ ಅಂತ ಚಾಚಾ ಹೇಳಿದ. ಕಾಕಾ ಮಾತ್ರ ಮಾರಿ ಇಳಿಬಿಟ್ಟು ಕುಂತಿದ್ದ. ಭಾಳ ಕೇಳಿದ ಮ್ಯಾಲ ಬಾಯಿ ಬಿಟ್ಟ: "ಎಲ್ಲಾ ಸರಿ ಅದ. ಆದ್ರ ಅವರ ಓಣಿ ಹೋಟೆಲಿನ ಚಾ ಬಾಯಾಗ ಇಡೋಹಂಗಿಲ್ಲ." ಹಂಗ ಅನ್ನೋವಾಗ ಅವನ ಕಣ್ಣಾಗ ನೀರು ಬಂದಿದ್ದವು. ನಾ ಊರು ಬಿಡೋ ಸಂಕಟ ಅದು, ಚಾದ ಮ್ಯಾಲ ಹಾಕಿ ಹೇಳಿದ. ನನಗೂ ತಡಕೊಳ್ಳಲಿಕ್ಕ ಆಗ್ಲಿಲ್ಲ.

ನಿಶ್ಚಿತಾರ್ಥದಾಗ ದೊಡ್ಡವರೆಲ್ಲಾ ಕುಂತಾಗ ನಮ್ಮ ಮಾವ ಆಗೋ ಯಜಮಾನ್ರು ಕೇಳಿದ್ರು, "ಹೆಣ್ಣಿನ ಕಡಿಂದ ಏನರೆ ಮಾತು ಉಳದಾವೇನ್ರಿ?"

ಅಪ್ಪ ಇಲ್ಲ ಅಂತ ತಲಿ ಅಲ್ಲಾಡಿಸಿದ. ಹಿಂದಿಂದ ಕಾಕಾ ಎದ್ದು ನಿಂತ. "ಒಂದದ್ರಿ. ತಿಂಗಳಿಗೊಮ್ಮೆ ಚಿತ್ತಾಪುರಕ್ಕ ಕಳಸಬೇಕು, ನಮ್ಮ ಹೋಟೆಲಿನ ಚಾ ಕುಡಿಲಿಕ್ಕ."

ಮಾವ ನಕ್ಕರು. "ಅದಕ್ಕೇನ್ರಿ, ಸೊಸಿ ತವರಿಗೆ ಬಂದೇ ಬರ್ತಾಳ."

"ಆಕಿ ಹೆಂಗರೆ ಬರ್ತಾಳ್ರಿ," ಅಂದ ಕಾಕಾ, "ನಾ ನಿಮ್ಮನ್ನ ಅಂದೆ. ಇಷ್ಟು ದಿನಾ ಅಂಥಾ ಚಾ ಕುಡದು ಹೆಂಗ ಬದುಕೀರಿ ನೀವು?"