ಮಾರ್ಮನ್ ಕಡತವೂ ವ್ಯಾಸರಾಜನ ಗರಾಜೂ

ಇದಕ್ಕೆಲ್ಲ ಕಾರಣ ಒಂದು ಕೊಳಗ. ಅಂತಿಂಥ ಕೊಳಗವಲ್ಲ, ಕನ್ನಡ ಕೂಟದ ಬಿಸಿಬೇಳೆಬಾತಿನ ಕೊಳಗ. ಒಳಗೆ ಕೂತು ಆರಾಮಾಗಿ ಎಣ್ಣೆಸ್ನಾನ ಮಾಡಬಹುದು. ಕೂಟಕ್ಕೆ ಯಾರು ಅಧ್ಯಕ್ಷರೋ ಅವರ ಗರಾಜಿನಲ್ಲೇ ಆ ಕೊಳಗ, ನಾಟಕದ ಪರದೆ, ಮಡಚುವ ಕುರ್ಚಿಗಳೆಲ್ಲ ಇರಬೇಕೆಂಬುದು ಸಂಪ್ರದಾಯ. ಹಾಗಾಗಿ ಅಧ್ಯಕ್ಷಗಿರಿ ಎಂದರೆ ಎಲ್ಲರೂ ಮಾರು ದೂರ ಓಡುತ್ತಿದ್ದರು. ವರ್ಷ ವರ್ಷವೂ ಅದು ಬಂದು ಬೀಳುತ್ತಿದ್ದುದು ಫ್ರೀಮಾಂಟಿನ ವ್ಯಾಸರಾಜನ ಕೊರಳಿಗೆ.

೧೯೮೬ರ ಒಂದು ಭಾನುವಾರ ಅವನ ಹೆಂಡತಿ ವಸುಧಾ ಹೊಸ ಕಾರನ್ನು ಗರಾಜಿನೊಳಗೆ ತರಲು ಹೋಗಿ ಕೊಳಗಕ್ಕೆ ಗುದ್ದಿದಳು. ಕೊಳಗಕ್ಕೆ ಏನೂ ಆಗಲಿಲ್ಲ. ಕಾರಿನ ಮೂತಿ ಅಪ್ಪಚ್ಚಿಯಾಯಿತು.

"ಇವತ್ತಿನ ಮೀಟಿಂಗಲ್ಲಿ ಅಧ್ಯಕ್ಷಗಿರಿ ಬಿಟ್ಟು ಬನ್ನಿ. ಇಲ್ದಿದ್ರೆ ರಾತ್ರಿ ಆ ಕೊಳಗದಲ್ಲೇ ಮಲಗಿ," ಎಂದಳು.

ತಲೆಯ ಮೇಲೆ ಕೈ ಹೊತ್ತು ಕೂತಿದ್ದ ವ್ಯಾಸರಾಜನನ್ನು ಕಂಡು ಪಕ್ಕದ ಮನೆಯ ಹೆರಾಲ್ಡ್ ಬಂದ. ಹೆರಾಲ್ಡ್ ಮಾರ್ಮನ್ ಎಂಬ ಕ್ರೈಸ್ತ ಪಂಥದವನು, ನಿವೃತ್ತ ಮೇಷ್ಟ್ರು. ತನ್ನ ಚರ್ಚಿನ ಆರಂಭದ ದಿನಗಳ ಸಭಾ ನಡಾವಳಿಗಳ ಜೆರಾಕ್ಸ್ ಕೂಡಿಡುವುದೇ ಅವನ ಹುಚ್ಚು. ಅವರಲ್ಲಿ ಕಾಫಿ ನಿಷಿದ್ಧ. ಅದು ತಿಳಿಯದ ವಸುಧಾ, ತನ್ನ ಫಿಲ್ಟರ್ ಕಾಫಿ ಮುಟ್ಟಲಿಲ್ಲವೆಂದು ಬಹಳ ದಿನ ಅವನ ಮೇಲೆ ಮುನಿಸಿಕೊಂಡಿದ್ದಳು. ಈಗ ಬಾದಾಮಿ ಹಾಲು ಕೊಡುತ್ತಾಳೆ.

ಕಷ್ಟ ಕೇಳಿದ ಹೆರಾಲ್ಡ್ ಒಂದು ಕಡತ ತಂದು ಬಿಚ್ಚಿದ. ೧೮೪೪ರಲ್ಲಿ ಅವರ ಮೊದಲ ಮುಖಂಡನನ್ನು ದೊಂಬಿಯವರು ಕೊಂದಾಗ ಮುಂದೆ ಯಾರು ಎಂದು ದೊಡ್ಡ ರಂಪವಾಯಿತಂತೆ. ಕೊನೆಗೆ ಒಬ್ಬನ ಬದಲು ಹನ್ನೆರಡು ಮಂದಿಯ ಮಂಡಳಿಯೇ ನಡೆಸಲೆಂದು ಜನ ಕೈ ಎತ್ತಿ ಒಪ್ಪಿದರಂತೆ.

ವ್ಯಾಸರಾಜನಿಗೆ ಹೋದ ಜೀವ ಬಂದಂತಾಯಿತು. ಅಧ್ಯಕ್ಷನೇ ಇಲ್ಲದ ಮೇಲೆ ಅಧ್ಯಕ್ಷನ ಗರಾಜು ಎಲ್ಲಿಂದ ಬರಬೇಕು? ಕೊಳಗ ತಿಂಗಳಿಗೊಂದು ಮನೆ ಸುತ್ತಲಿ. ಹೆರಾಲ್ಡ್ "ಮುಂದಿನ ಪುಟದಲ್ಲಿ..." ಎನ್ನುವಷ್ಟರಲ್ಲಿ ವ್ಯಾಸರಾಜ ಕಡತವನ್ನು ಕಂಕುಳಿಗೆ ಇರುಕಿಕೊಂಡು ವಸುಧಾಳೊಂದಿಗೆ ಸಭೆಗೆ ಹೊರಟೇಬಿಟ್ಟ.

ಸಭೆ ಇದ್ದುದು ಫಾಸ್ಟರ್ ಸಿಟಿಯಲ್ಲಿ ಜಯರಾಮ ಕಟ್ಟಿಸಿದ್ದ ಹೊಸ ಮನೆಯಲ್ಲಿ. ಅವನ ಹೆಂಡತಿ ಊರ್ಮಿಳಾ ಬಂದವರಿಗೆಲ್ಲ ಮನೆ ತೋರಿಸುತ್ತಿದ್ದಳು. ವಸುಧಾಗಂತೂ ಬಚ್ಚಲುಮನೆಯನ್ನು ಎರಡು ಸಲ ತೋರಿಸಿದಳು.

ವ್ಯಾಸರಾಜ ಹನ್ನೆರಡು ಮಂದಿಯ ಯೋಜನೆ ಬಿಚ್ಚಿಟ್ಟ. ಹನ್ನೆರಡರಲ್ಲಿ ತಾನೂ ಒಬ್ಬನೆಂದು ಪ್ರತಿಯೊಬ್ಬನೂ ಎಣಿಸಿಕೊಂಡು ಜೋರಾಗಿ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಕಡತ ತಿರುವುತ್ತಿದ್ದ ಧಾರವಾಡದ ಹಿರಿಯರು ಅಪ್ಪಾಸಾಹೇಬರು ಕನ್ನಡಕ ಎತ್ತಿದರು.

"ವ್ಯಾಸರಾಜ, ಮುಂದಿನ ಹಾಳಿ ಓದೀರೇನು?"

"ಇಲ್ಲ ಸರ್, ಯಾಕೆ?"

"ಮೂರು ವರ್ಷ ಆದಮ್ಯಾಲೆ ಆ ಹನ್ನೆರಡು ಮಂದೀನ ಕೂತು, ತಮ್ಮೊಳಗ ಹಿರಿಯಾವನ್ನ ಅಧ್ಯಕ್ಷ ಮಾಡ್ಯಾರ. ಸಾಯೂತನಕ ಅವನ. ಭಾಳ ಛಲೋ ಪದ್ಧತಿ ನೋಡ್ರಿ. ನಾವು ಮೂರು ವರ್ಷ ಯಾಕ ಕಾಯಬೇಕು? ಕೂಟ ಸೇರಿದವರೊಳಗ ನೀವ ಹಿರಿಯರು, ಈಗ ಆಗಿಬಿಡ್ರಿ."

ವ್ಯಾಸರಾಜ ಬೆವತುಹೋದ. "ನಾನೆಲ್ಲಿ ಹಿರಿಯ? ಜಯರಾಮ್ ಕೂಡ ನನ್ ಜೊತೇಲೇ ಮೆಂಬರಾದ್ರು. ಅವರೇ ಆಗ್ಲಿ."

ಜಯರಾಮ ಹೆಂಡತಿಯ ಮುಖ ನೋಡಿದ. ಊರ್ಮಿಳಾ ಸೆರಗು ಸರಿಮಾಡಿಕೊಂಡಳು.

"ಆಗ್ಲಿ ಬಿಡಿ. ನಮ್ದು ಮೂರು ಕಾರಿನ ಗರಾಜು, ಎಷ್ಟು ಕೊಳಗ ಬೇಕಾದ್ರೂ ಹಿಡಿಯುತ್ತೆ. ಪಾಪ ವಸುಧಾ, ಅವರ ಮನೇಲಿ ಜಾಗ ಎಲ್ಲಿದೆ?"

ವ್ಯಾಸರಾಜ ಮನಸ್ಸಿನಲ್ಲೇ ಆಂಜನೇಯನಿಗೆ ತೆಂಗಿನಕಾಯಿ ಹರಸಿಕೊಂಡ. ಅಪ್ಪಾಸಾಹೇಬರು ಮಾರ್ಮನರ ಕ್ರಮದಂತೆ ಕೈ ಎತ್ತಿಸಿದರು. ಜಯರಾಮನಿಗೂ ವ್ಯಾಸರಾಜನಿಗೂ ಸಮಸಮ ಬಂತು. ಕೈ ಎತ್ತದೆ ಉಳಿದಿದ್ದವಳು ವಸುಧಾ ಒಬ್ಬಳೇ. ಇನ್ನೇನು, ಗೆದ್ದೆ ಎಂದು ವ್ಯಾಸರಾಜ ಹಾಯಾಗಿ ಉಸಿರುಬಿಟ್ಟ.

ವಸುಧಾಳ ಬಳೆಗಳು ಗಲ್ಲೆಂದವು.

"ನಮ್ಮನೆಯವರೇ ಇರ್ಲಿ. ಸಾಯೋವರೆಗೂ ಇರ್ಲಿ. ನಮ್ಮ ಗರಾಜಿಗೇನು ಧಾಡಿ?"

ಮನೆಗೆ ಹೊರಟ ಮೂತಿ ಮುರಿದ ಕಾರು ಸೇತುವೆ ದಾಟಿತು. ವ್ಯಾಸರಾಜ ಮೆತ್ತಗೆ ಕೇಳಿದ: "ಹಾಗಾದ್ರೆ ರಾತ್ರಿ ನಾನು ಮನೆ ಒಳಗೇ ಮಲಗಬಹುದು ತಾನೆ?"

"ಅದ್ ಹೇಗಾಗುತ್ತೆ?" ಎಂದಳು ವಸುಧಾ. "ಬಿಟ್ಟು ಬನ್ನಿ ಅಂದಿದ್ದೆ. ಬಿಟ್ರಾ?"